ಅಪ್ಪನ ಮಾತಿಗೆ ಅಡ್ಡ ಬಂದವಳು

ತೌಲಾ ಪೆನೆಹೂರೊ ಅವರನ್ನು ಮಾತಿನ ನಡುವೆ ನಿಲ್ಲಿಸುವ ಗಂಡು ವೆಲಿಂಗ್ಟನ್ನಿನ ಪಕ್ಕದ ಪೊರಿರುವಾದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಅಲ್ಲಿನ ಸಮೋವಾ ಜನ ಹೇಳಿಕೊಂಡು ನಗುತ್ತಿದ್ದರು. ಕೊನೆಗೆ ನಿಲ್ಲಿಸಿದ್ದು ಹೆಣ್ಣು, ಅದೂ ಸ್ವಂತ ಮಗಳು, ಅದೂ ನೆಂಟರ ಎದುರಿಗೆ. ಈ ಕಥೆ ಹೇಳುವವರೆಲ್ಲ ಅಲ್ಲಿಂದಲೇ ಶುರು ಮಾಡಿಬಿಡುತ್ತಾರೆ. ಹಾಗೆ ಹೇಳಿದರೆ ಆ ಮಗಳು ಸಿನಿವಾಗೆ ಅನ್ಯಾಯವಾಗುತ್ತದೆ, ಸ್ವಲ್ಪ ಹಿಂದಿನಿಂದ ಬರೋಣ.

ತೌಲಾ ಎನ್ನುವುದು ಹೆಸರಲ್ಲ, ಪದವಿ. ಸಮೋವಾದ ಸವಾಯಿ ದ್ವೀಪದಲ್ಲಿರುವ ಅವರ ಊರಿನ ಪರವಾಗಿ ಸಭೆಯಲ್ಲಿ ಮಾತಾಡುವ ಹಕ್ಕು ಆ ಪದವಿಯದು. ಅವರು ಬಣ್ಣದ ಕಾರ್ಖಾನೆಯಲ್ಲಿ ಡಬ್ಬಿ ತುಂಬಿಸಿ ಸಂಸಾರ ಸಾಕಿದರು, ಅದು ಹೊಟ್ಟೆಪಾಡು. ಬದುಕಿದ್ದು ಮಾತ್ರ ಮಾತಿಗಾಗಿ. ಮದುವೆಯಿರಲಿ, ಮಣ್ಣು ಮಾಡುವುದಿರಲಿ, ಇಗರ್ಜಿಗೆ ಹೊಸ ಚಾವಣಿ ಹಾಕಿದ್ದಿರಲಿ, ನಾರಿನ ಚಾಮರವನ್ನು ಹೆಗಲ ಮೇಲೆ ಹಾಕಿಕೊಂಡು ಅವರು ಕೂತರೆಂದರೆ ಮಕ್ಕಳು ಕೂಡ ಬಾಯಿ ಮುಚ್ಚುತ್ತಿದ್ದರು. ಅಂಥ ಮಾತಿಗೆ ಒಂದು ಕಟ್ಟುಪಾಡಿದೆ. ಮೊದಲು ಊರಿನ ಮನೆತನಗಳ ಗೌರವವನ್ನು ಒಂದೊಂದಾಗಿ ಹೇಳಬೇಕು, ಇದ್ದ ಕ್ರಮದಲ್ಲೇ ಹೇಳಬೇಕು. ಸೂರ್ಯ ಏಳುವ ಕಡೆಯ ಮನೆ ಮೊದಲು, ಆಮೇಲೆ ಎರಡು ಬಾವಿಗಳ ಮನೆ, ಆಮೇಲೆ ದಂಡೆಯ ಮನೆ, ಹೀಗೆ. ಒಂದನ್ನು ಬಿಟ್ಟರೆ ಆ ಮನೆಯವರ ಮುಖಕ್ಕೆ ಉಗಿದ ಹಾಗೆ.

ಸಿನಿವಾ ಸಿಟಿ ಬಸ್ಸು ಓಡಿಸುತ್ತಿದ್ದಳು. ಲೈಸೆನ್ಸ್ ಬಂದ ವರ್ಷದಿಂದ ಅಪ್ಪನನ್ನು ಸಭೆ ಸಮಾರಂಭಕ್ಕೆ ಕಾರಿನಲ್ಲಿ ಕರೆದೊಯ್ಯುವುದೂ ಅವಳ ಕೆಲಸವೇ. ಅಪ್ಪ ದಾರಿಯುದ್ದಕ್ಕೂ ಮಾತು ಉರು ಹೊಡೆಯುತ್ತಿದ್ದರು. ಹೆದ್ದಾರಿಯ ಯಾವ ತಿರುವಿಗೆ ಯಾವ ಮನೆತನ ಬರುತ್ತದೆಂದು ಅವಳಿಗೆ ಬಾಯಿಪಾಠವಾಗಿತ್ತು. ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ, ನಿನಗೆ ಗೊತ್ತಾ ಎಂದು ಯಾರೂ ಕೇಳಿಯೂ ಇರಲಿಲ್ಲ. ಪದವಿಯಿಲ್ಲದವರು ಚಹಾ ತಂದಿಡಬೇಕು, ಹಿರಿಯರ ಮುಂದೆ ಹಾದು ಹೋಗುವಾಗ ಸೊಂಟ ಬಗ್ಗಿಸಬೇಕು, ಅಷ್ಟೇ.

ಅಪ್ಪನ ರಕ್ತಕ್ಕೆ ಕ್ಯಾನ್ಸರು ಬಂತು. ಕುತ್ತಿಗೆಯಲ್ಲಿ ಗಂಟಾಗಿ ಕಾಣಿಸಿಕೊಂಡಿತು. ಔಷಧ ಹಾಕಿದರು, ಕರಗಿತು. ಮತ್ತೆ ಬಂತು. ಇನ್ನೂ ಜೋರಿನ ಔಷಧ ಹಾಕಿದರು, ಅಪ್ಪನ ಕೂದಲು ಹೋಯಿತು, ಉಗುರು ಕಪ್ಪಾಯಿತು, ಗಂಟು ಮಾತ್ರ ಅಲ್ಲೇ ಕೂತಿತ್ತು. ಆಗ ವೆಲಿಂಗ್ಟನ್ನಿನ ಆಸ್ಪತ್ರೆಯ ಡಾಕ್ಟರ್ ಹೆನಾರೆ ಅಪ್ಪನನ್ನು ಕೂರಿಸಿಕೊಂಡು, ಸುತ್ತು ಬಳಸದೆ ಮಾತಾಡಿದರು.

"ಇನ್ನು ಹಳೇ ದಾರೀಲಿ ಏನೂ ಉಳಿದಿಲ್ಲ, ತೌಲಾ. ಹೊಸದೊಂದನ್ನ ಪರೀಕ್ಷೆ ಮಾಡ್ತಿದ್ದೀವಿ. ನಿಮ್ಮ ರಕ್ತದಲ್ಲಿ ಕಾವಲು ಕಾಯೋ ಜೀವಕೋಶಗಳಿವೆಯಲ್ಲ, ಅವುಗಳನ್ನ ತೆಗೆದು, ಲ್ಯಾಬಿನಲ್ಲಿಟ್ಟು, ಈ ಕ್ಯಾನ್ಸರಿನ ಗುರುತು ಹಿಡಿಯೋ ಹಾಗೆ ಬದಲಾಯಿಸಿ, ನಿಮಗೇ ವಾಪಸ್ ಹಾಕ್ತೀವಿ. ಕೆಲವರಿಗೆ ತುಂಬಾ ಚೆನ್ನಾಗಿ ಕೆಲಸ ಮಾಡಿದೆ. ಕೆಲವರಿಗೆ ಮಾಡಿಲ್ಲ. ನಾವೂ ಇನ್ನೂ ಕಲೀತಾ ಇದ್ದೀವಿ, ಅದನ್ನ ಮುಚ್ಚಿಡಲ್ಲ."

"ನನ್ನ ಹುಡುಗರನ್ನೇ ಶಾಲೆಗೆ ಕಳಿಸ್ತೀನಿ ಅಂತೀರಿ," ಅಂದರು ಅಪ್ಪ.

"ಹಾಗೇ ಅಂದ್ಕೊಳ್ಳಿ. ವಾಪಸ್ ಬಂದ ಮೇಲೆ ಜ್ವರ ಬಂದೇ ಬರುತ್ತೆ. ಅದಕ್ಕಿಂತ ನಮಗೆ ಹೆಚ್ಚು ಹೆದರಿಕೆ ಮಿದುಳಿನದು. ಆ ಜೀವಕೋಶಗಳು ಜಗಳಕ್ಕಿಳಿದಾಗ ಕೆಲವರ ಮಿದುಳಿಗೂ ಅದರ ಬಿಸಿ ತಟ್ಟುತ್ತೆ. ಸಾಮಾನ್ಯವಾಗಿ ಮೊದಲು ತಪ್ಪೋದು ಮಾತು. ಬೇಗ ಗೊತ್ತಾದ್ರೆ ಔಷಧ ಇದೆ. ತಡ ಆದ್ರೆ ಜೀವಕ್ಕೇ ಅಪಾಯ. ಅದಕ್ಕೇ ಒಬ್ಬರು ಯಾವಾಗಲೂ ನಿಮ್ಮ ಪಕ್ಕದಲ್ಲೇ ಇರಬೇಕು."

ಅಪ್ಪ ನಕ್ಕುಬಿಟ್ಟರು. "ನನ್ನ ಮಾತು ತಪ್ಪಿದ್ರೆ ಇಡೀ ಪೊರಿರುವಾಕ್ಕೇ ಗೊತ್ತಾಗುತ್ತೆ, ಡಾಕ್ಟ್ರೇ. ಅದಕ್ಕೊಬ್ಬರು ಕಾವಲು ಬೇಕಾ?"

ಕಾವಲಿಗೆ ನಿಂತವಳು ಸಿನಿವಾ. ಬಸ್ಸಿಗೆ ರಜೆ ಹಾಕಿದಳು. ಆಸ್ಪತ್ರೆಯ ಹತ್ತಿರವೇ ಇರಬೇಕೆಂಬ ನಿಯಮವಿದ್ದುದರಿಂದ ಅಲ್ಲೇ ಎರಡು ಬೀದಿ ಆಚೆ ಒಂದು ಸಣ್ಣ ಮನೆ ಕೊಟ್ಟರು. ಅಮ್ಮ ಫಿಲೆಮೂ ಕೂಡ ಪಾತ್ರೆ ಪಗಡ ಹೊತ್ತು ಜೊತೆಗೆ ಬಂದಳು.

ಜೀವಕೋಶಗಳು ವಾಪಸ್ ಬಂದ ದಿನ ನರ್ಸ್ ಬ್ರಿಡಿ ಒಂದು ಪುಟ್ಟ ಚೀಲ ಹಿಡಿದು ಬಂದಳು. ಜೀವಕೋಶ ಕೆಡದಿರಲೆಂದು ಬೆರೆಸಿದ ಔಷಧದಿಂದ ಕೋಣೆಯೆಲ್ಲ ಬೇಯಿಸಿದ ಮುಸುಕಿನ ಜೋಳದ ವಾಸನೆ.

"ಇಷ್ಟೇನಾ?" ಅಂದರು ಅಪ್ಪ. "ಅಷ್ಟೊಂದು ಜನ ಶಾಲೆಗೆ ಹೋಗಿ ಇಷ್ಟೇ ಜನ ಪಾಸಾದ್ರಾ?"

"ಇದರಲ್ಲೇ ಕೋಟಿಗಟ್ಟಲೆ ಇದ್ದಾರೆ, ತೌಲಾ."

"ಕೋಟಿ ಜನ ದೂರದಿಂದ ಬಂದಿದ್ದಾರೆ ಅಂದ್ರೆ ಸ್ವಾಗತ ಮಾಡ್ಲೇಬೇಕು. ತಾಳು, ಮಾತಾಡ್ತೀನಿ."

"ಇವರು ಈಗಷ್ಟೇ ಐಸಿಂದ ಎದ್ದು ಬಂದವರು, ನಿಮ್ಮ ಮಾತು ಮುಗಿಯೋವರೆಗೆ ಕಾಯಲ್ಲ."

"ನೀನು ಹಾಕ್ತಿರು. ನಾನು ನನ್ನ ಪಾಡಿಗೆ ಮಾತಾಡ್ತಿರ್ತೀನಿ."

ಹನಿ ಇಳಿಯುತ್ತಿದ್ದ ಹಾಗೆ ಅಪ್ಪ ತಮ್ಮದೇ ರಕ್ತಕ್ಕೆ ಸ್ವಾಗತ ಹೇಳಿದರು. ಸೂರ್ಯ ಏಳುವ ಕಡೆಯ ಮನೆ, ಎರಡು ಬಾವಿಗಳ ಮನೆ, ದಂಡೆಯ ಮನೆ, ಒಂದೂ ತಪ್ಪಲಿಲ್ಲ. ಬ್ರಿಡಿಗೆ ಒಂದು ಅಕ್ಷರ ಅರ್ಥವಾಗದಿದ್ದರೂ ಕೈಕಟ್ಟಿ ನಿಂತು ಕೇಳಿದಳು. ಸಿನಿವಾ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ದೇವರೇ, ಇದೊಂದನ್ನು ಉಳಿಸು, ಕೂದಲು ಉಗುರು ಏನು ಬೇಕಾದರೂ ತೆಗೆದುಕೋ ಎಂದು ಕೇಳಿಕೊಂಡಳು.

ಅಲ್ಲಿಂದ ದಿನಾ ಬೆಳಿಗ್ಗೆ ಬ್ರಿಡಿ ಬಂದು ಅವೇ ಪ್ರಶ್ನೆ ಕೇಳುವಳು. ಇದು ಯಾವ ವರ್ಷ, ಯಾವ ಊರು, ಇದೇನು, ಅದೇನು. ನೂರರಿಂದ ಹತ್ತು ಹತ್ತು ಕಳೆಯುತ್ತ ಹಿಂದಕ್ಕೆ ಎಣಿಸಿ. ಒಂದು ವಾಕ್ಯ ಬರೆಯಿರಿ. ಅಪ್ಪ ದಿನಾ ಒಂದೇ ವಾಕ್ಯ ಬರೆಯುವರು: 'ಬ್ರಿಡಿ ಒಳ್ಳೆಯವಳು, ಆದರೆ ಅವಳು ಮಾಡುವ ಚಹಾ ಬರೀ ನೀರು.' ಬ್ರಿಡಿ ದಿನಾ ಕೋಪ ನಟಿಸುವಳು. ಎಲ್ಲ ಇಂಗ್ಲಿಷಿನಲ್ಲೇ. ಕಾರ್ಖಾನೆಯ ಇಂಗ್ಲಿಷು ಅಪ್ಪನಿಗೆ ಅಷ್ಟಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು.

ಜ್ವರ ಬಂತು, ಇಳಿಯಿತು. ಎಲ್ಲರೂ ಉಸಿರು ಬಿಟ್ಟರು. ಆ ಭಾನುವಾರ ಬೆಳಿಗ್ಗೆಯೂ ಅಪ್ಪ ಬ್ರಿಡಿಯ ಪ್ರಶ್ನೆಗೆಲ್ಲ ಉತ್ತರ ಕೊಟ್ಟು, ಚಹಾದ ವಾಕ್ಯ ಬರೆದು ಕಳಿಸಿದ್ದರು. ಇಗರ್ಜಿ ಬಿಟ್ಟ ಮೇಲೆ ಪೊರಿರುವಾದಿಂದ ನೆಂಟರು ಬಂದರು. ನಾಲ್ಕೇ ಜನ, ಮುಖಕ್ಕೆ ಮಾಸ್ಕು. ಹೆಚ್ಚು ಜನ ಬರಬಾರದೆಂದು ಸಿನಿವಾ ಫೋನಿನಲ್ಲಿ ಜಗಳವಾಡಿ ಅಷ್ಟಕ್ಕೆ ಇಳಿಸಿದ್ದಳು. ಅಡುಗೆಯನ್ನು ಮಾತ್ರ ಇಳಿಸಲಾಗಲಿಲ್ಲ. ಸುಟ್ಟ ಹಂದಿ, ಕೆಸುವಿನ ಗೆಡ್ಡೆ, ಎಲೆಯಲ್ಲಿ ತೆಂಗಿನಹಾಲು ಸುತ್ತಿ ಬೇಯಿಸಿದ ಪಲುಸಾಮಿ, ಇವೆಲ್ಲ ನಲವತ್ತು ಜನಕ್ಕಾಗುವಷ್ಟಿತ್ತು. ಮುಂದಾಳಾಗಿ ಬಂದವರು ಮಾಪು. ಪಕ್ಕದೂರಿನ ಪರವಾಗಿ ಮಾತಾಡುವವರು, ಅಪ್ಪನ ಹಳೇ ಗೆಳೆಯ, ಹಳೇ ಎದುರಾಳಿ.

"ಬೋಳುತಲೆ ನಿನಗೆ ಒಪ್ಪುತ್ತೆ, ತೌಲಾ. ಮೊದಲೇ ಬೋಳಿಸ್ಕೋಬೇಕಿತ್ತು."

"ನಿನ್ನ ಮುಖಕ್ಕೆ ಮಾಸ್ಕೂ ಒಪ್ಪುತ್ತೆ. ತೆಗೀಬೇಡ."

ನೆಲದ ಮೇಲೆ ಚಾಪೆ ಹಾಸಿ ಕೂತರು. ಮಾಪು ಮೊದಲು ಮಾತಾಡಿದರು, ರೋಗಿಗೆ ಆಯಾಸವಾಗದಿರಲೆಂದು ಚಿಕ್ಕದಾಗಿಯೇ ಮುಗಿಸಿದರು. ಬಂದವರು ಮಾತಾಡಿದ ಮೇಲೆ ಮನೆಯವರು ಉತ್ತರ ಕೊಡಬೇಕು. ಅಪ್ಪ ಚಾಮರವನ್ನು ಹೆಗಲ ಮೇಲೆ ಹಾಕಿಕೊಂಡರು. ಧ್ವನಿ ಚೆನ್ನಾಗಿಯೇ ಎದ್ದಿತು. ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಸಿನಿವಾಗೆ ಆ ಧ್ವನಿ ಕೇಳಿ ಖುಷಿಯೇ ಆಯಿತು.

ಸೂರ್ಯ ಏಳುವ ಕಡೆಯ ಮನೆ ಬಂತು. ಆಮೇಲೆ ದಂಡೆಯ ಮನೆ ಬಂತು.

ಎರಡು ಬಾವಿಗಳ ಮನೆ ಎಲ್ಲಿ? ಸಿನಿವಾ ತನ್ನ ಕಿವಿಯನ್ನೇ ನಂಬಲಿಲ್ಲ. ಅಪ್ಪ ಮುಂದುವರಿಸಿದರು. ಮತ್ತೆ ದಂಡೆಯ ಮನೆ ಬಂತು. ಆಮೇಲೆ ಮೂರನೆಯ ಸಲ ಅದೇ ಬಂತು. ಧ್ವನಿಯಲ್ಲಿ ಅದೇ ಗತ್ತು, ಕೈಯಲ್ಲಿ ಅದೇ ಬೀಸು, ಆದರೆ ಮಾತು ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತುತ್ತಿತ್ತು.

ಅವಳು ಕೂತವರ ಮುಖ ನೋಡಿದಳು. ಮಾಪು ತಲೆ ತಗ್ಗಿಸಿ ಚಾಪೆಯ ಅಂಚನ್ನು ನೋಡುತ್ತಿದ್ದರು. ಉಳಿದ ಮೂವರೂ ತಲೆ ತಗ್ಗಿಸಿದ್ದರು. ಅಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ಅಲುಗಾಡದೆ ಕೂತಿದ್ದಳು. ಎಲ್ಲರಿಗೂ ಕೇಳಿಸಿತ್ತು. ಕಾಯಿಲೆಯ ಮನುಷ್ಯ, ಪಾಪ, ಸುಸ್ತಾಗಿದೆ, ನಾವು ಕೇಳಿಸಿಕೊಂಡಿಲ್ಲ ಅಂದುಕೊಳ್ಳೋಣ ಎಂದು ನಾಲ್ಕು ಜನ ದೊಡ್ಡ ಮನಸ್ಸು ಮಾಡಿದ್ದರು. ಬೇರೆ ದಿನವಾಗಿದ್ದರೆ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಅವತ್ತು ಆ ಮರ್ಯಾದೆಯೇ ಅಪ್ಪನನ್ನು ಕೊಲ್ಲುವುದರಲ್ಲಿತ್ತು.

ಸಿನಿವಾ ಡಾಕ್ಟರ ಎಚ್ಚರಿಕೆಯನ್ನು ನೆನೆದಳು. ಮಾತಾಡಲೋ ಬೇಡವೋ. ಬರೀ ಸುಸ್ತಾಗಿದ್ದರೆ? ಅಪ್ಪ ಬದುಕುಪೂರ್ತಿ ಗಳಿಸಿದ್ದು ಇದೊಂದನ್ನೇ, ಅದನ್ನು ಮಗಳೇ ನೆಂಟರೆದುರು ಒದ್ದ ಹಾಗಾಗುತ್ತದೆ. ಅಪ್ಪ ನಾಲ್ಕನೆಯ ಸಲ ದಂಡೆಯ ಮನೆಯ ಹೆಸರೆತ್ತಿದರು. ಅವಳು ತಟ್ಟೆಯನ್ನು ಕೆಳಗಿಟ್ಟು ಮುಂದೆ ಬಂದಳು. ಸೊಂಟ ಬಗ್ಗಿಸುವುದು ಕೂಡ ಮರೆತುಹೋಯಿತು.

"ಅಪ್ಪ, ನಿಲ್ಸಿ."

ಚಾಮರ ಗಾಳಿಯಲ್ಲೇ ನಿಂತಿತು. ಅಮ್ಮ ಅವಳ ಲಂಗದ ಅಂಚು ಹಿಡಿದು ಎಳೆದಳು. "ಕೂತ್ಕೊಳ್ಳೇ. ಮಾನ ಕಳೀಬೇಡ. ಹಿರಿಯರು ಮಾತಾಡ್ತಿದ್ದಾರೆ."

"ಅಪ್ಪ, ಸೂರ್ಯ ಏಳೋ ಕಡೆ ಮನೆ ಆದ ಮೇಲೆ ಯಾವ ಮನೆ?"

ಅಪ್ಪ ಅವಳನ್ನು ನೋಡಿದರು. ಹಾಗೆ ಅವರು ಅವಳನ್ನು ಎಂದೂ ನೋಡಿರಲಿಲ್ಲ. ಮೊದಲು ಸಿಟ್ಟು ಬಂತು, ಬಾಯಿ ತೆರೆದರು, ಬೈಯಬೇಕಾದ ಮಾತೂ ಸಿಗಲಿಲ್ಲ. ಆಮೇಲೆ ಬಂದದ್ದು ಹೆದರಿಕೆ. ಅದನ್ನು ನೋಡಿದ ಮೇಲೆ ಸಿನಿವಾ ಯಾರ ಮುಖವನ್ನೂ ನೋಡಲಿಲ್ಲ, ಫೋನೆತ್ತಿಕೊಂಡಳು.

ಬ್ರಿಡಿ ಫೋನಿನಲ್ಲೇ ಅಪ್ಪನ ಹತ್ತಿರ ಮಾತಾಡಿದಳು. ವರ್ಷ ಕೇಳಿದಳು, ಹೇಳಿದರು. ಊರು ಕೇಳಿದಳು, ಹೇಳಿದರು. ಎಣಿಸಿ ಅಂದಳು, ನೂರು, ತೊಂಬತ್ತು, ಎಂಬತ್ತು ಎಂದು ಸರಿಯಾಗಿಯೇ ಇಳಿದರು.

"ಸಿನಿವಾ, ಪ್ರಶ್ನೆಗೆಲ್ಲ ಸರಿಯಾಗೇ ಹೇಳ್ತಿದ್ದಾರಲ್ಲ."

"ಅದನ್ನ ದಿನಾ ಹೇಳ್ತಾರೆ ಬ್ರಿಡಿ, ಅಭ್ಯಾಸ ಆಗಿಹೋಗಿದೆ. ಅವತ್ತು ಚೀಲ ಹಾಕುವಾಗ ಮಾತಾಡಿದ್ರಲ್ಲ, ಆ ಮಾತು ತಪ್ಪಿದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ತಪ್ಪದ ಮಾತು ತಪ್ಪಿದೆ. ನನಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರ್ತಿಲ್ಲ."

"ಕರ್ಕೊಂಡು ಬನ್ನಿ. ಈಗಲೇ. ನಾನು ಡಾಕ್ಟ್ರಿಗೆ ಹೇಳಿರ್ತೀನಿ."

ಮಾಪು ಏನೂ ಕೇಳದೆ ಎದ್ದು ಅಪ್ಪನ ತೋಳಿಗೆ ತೋಳು ಕೊಟ್ಟರು. ಆಸ್ಪತ್ರೆ ತಲುಪಿ ಹಾಸಿಗೆಯ ಮೇಲೆ ಕೂತಾಗ ಬ್ರಿಡಿ ಪೆನ್ನು ತೋರಿಸಿ ಇದೇನು ಅಂದಳು. ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು, ಹೆಸರು ಬರಲಿಲ್ಲ. ಕಾಗದ ಕೊಟ್ಟರೆ ಚಹಾದ ವಾಕ್ಯ ಅರ್ಧಕ್ಕೆ ನಿಂತು ಗೀಟಾಗಿ ಹರಿದುಹೋಯಿತು. ಸಂಜೆಯೊಳಗೆ ಒಂದು ಶಬ್ದವೂ ಉಳಿದಿರಲಿಲ್ಲ. ಅಷ್ಟರಲ್ಲಿ ಔಷಧ ನರಕ್ಕೆ ಇಳಿಯುತ್ತಿತ್ತು. ಅವರನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು.

ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಸಿನಿವಾ, ಅಮ್ಮ, ಮಾಪು ಮೂವರೂ ಕೂತರು. ಡಾಕ್ಟರ್ ಹೆನಾರೆ ಬಂದು ಸಿನಿವಾಳ ಮುಂದೆ ಮಂಡಿಯೂರಿ ಕೂತು ಹೇಳಿದರು: "ಬೇಗ ಕರ್ಕೊಂಡು ಬಂದ್ರಿ. ಇನ್ನು ಔಷಧ ಕೆಲಸ ಮಾಡೋದನ್ನ ಕಾಯಬೇಕು. ಮಾಡುತ್ತೆ ಅಂತ ನನ್ನ ನಂಬಿಕೆ, ಆದರೆ ಮಾತು ಕೊಡೋಕೆ ಆಗಲ್ಲ." ಹೇಳಿ ಮತ್ತೆ ಒಳಗೆ ಹೋದರು.

"ನನಗೂ ಗೊತ್ತಾಯ್ತು," ಅಂದರು ಮಾಪು, ನೆಲ ನೋಡುತ್ತ. "ಎರಡು ಬಾವಿ ಬಿಟ್ಟಾಗಲೇ ಗೊತ್ತಾಯ್ತು. ಗೆಳೆಯನ ಮಾನ ಕಾಪಾಡ್ತಿದ್ದೀನಿ ಅಂದ್ಕೊಂಡೆ."

"ನನಗೆ ಅದಕ್ಕಿಂತ ಮೊದಲೇ," ಅಂದಳು ಅಮ್ಮ. "ಧ್ವನಿ ಎತ್ತೋ ಮುಂಚೆ ಅವರು ನನ್ನ ಮುಖ ನೋಡಿದ್ರು. ಯಾವತ್ತೂ ನೋಡೋರಲ್ಲ." ಅವಳು ಮಗಳ ಕೈಯನ್ನು ಎಳೆದು ತನ್ನ ಮಡಿಲಿಗೆ ಹಾಕಿಕೊಂಡಳು. ಲಂಗ ಹಿಡಿದೆಳೆದ ಅದೇ ಕೈಯಿಂದ ಬೆಳಗಾಗುವವರೆಗೂ ಸವರುತ್ತ ಕೂತಳು.

ಔಷಧ ಕೆಲಸ ಮಾಡಿತು. ಅಪ್ಪ ಮೊದಲು ಹೌದು, ಇಲ್ಲ ಅಂದರು. ಆಮೇಲೆ ನೀರು ಅಂದರು. ಆಮೇಲೆ ಬ್ರಿಡಿಯ ಚಹಾವನ್ನು ಬೈದರು, ಬ್ರಿಡಿ ಅಲ್ಲೇ ಅತ್ತುಬಿಟ್ಟಳು. ಅಮ್ಮನ ಜೊತೆ ಮಾತಾಡಿದರು, ಮಾಪು ಬಂದರೆ ಅವರ ಮಾಸ್ಕಿನ ಬಗ್ಗೆ ಹಳೇ ಜೋಕನ್ನೇ ಹೇಳಿದರು. ಪರೀಕ್ಷೆಗೆ ಬರುವ ಮುಂದಿನ ರೋಗಿಗಳ ಮನೆಯವರನ್ನು ಡಾಕ್ಟರ್ ಹೆನಾರೆ ಈಗ ಮೊದಲೇ ಕೇಳಿಟ್ಟುಕೊಳ್ಳುತ್ತಾರಂತೆ, ಇವರಿಗೆ ಬಾಯಿಪಾಠ ಬರುವುದು ಏನು ಎಂದು. ಯಾರೋ ಒಬ್ಬರದು ರಗ್ಬಿ ತಂಡದ ಹೆಸರುಗಳಂತೆ, ಇನ್ನೊಬ್ಬರದು ಪ್ರಾರ್ಥನೆಯಂತೆ. ಅದನ್ನು ಕೇಳಿ ಅಪ್ಪ ಚೆನ್ನಾಗಿ ನಕ್ಕರು.

ಸಿನಿವಾ ಜೊತೆ ಮಾತ್ರ ಮಾತಿಲ್ಲ. ಊಟ ತಂದರೆ ತಲೆಯಾಡಿಸುವರು. ದಿಂಬು ಸರಿಮಾಡಿದರೆ ತಲೆಯಾಡಿಸುವರು. ಅವಳು ಕೋಣೆಗೆ ಬಂದರೆ ನಡೆಯುತ್ತಿದ್ದ ಮಾತು ನಿಲ್ಲುವುದು. ಪೊರಿರುವಾದಲ್ಲಿ ಕಥೆ ಆಗಲೇ ಮನೆ ಮನೆ ಸುತ್ತಿತ್ತು. ನಿಂತುಕೊಂಡೇ ಅಪ್ಪನನ್ನು ತಡೆದಳಂತೆ, ಪರೀಕ್ಷೆ ಮಾಡಿದಳಂತೆ. ಅಪ್ಪ ಉಳಿದರಲ್ಲ, ಸಾಕು ಎಂದು ಸಿನಿವಾ ತನಗೆ ತಾನೇ ಹೇಳಿಕೊಂಡಳು. ಸಾಕಾಗಿರಲಿಲ್ಲ. ಪಾತ್ರೆ ತೊಳೆಯುವಾಗ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು.

ಸ್ಕ್ಯಾನಿನ ದಿನ ಬಂತು. ಡಾಕ್ಟರ್ ಹೆನಾರೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಹಳೆಯದರಲ್ಲಿ ಕುತ್ತಿಗೆ, ಎದೆ, ಹೊಟ್ಟೆಯಲ್ಲಿ ದೀಪ ಹಚ್ಚಿದಂತೆ ಗಂಟುಗಳು. ಹೊಸದರಲ್ಲಿ ಕತ್ತಲೆ. "ಸದ್ಯಕ್ಕೆ ಕಾಣಿಸ್ತಾ ಇಲ್ಲ," ಅಂದರು. "ಸದ್ಯಕ್ಕೆ ಅನ್ನೋ ಮಾತನ್ನ ಬಿಡೋಕೆ ಇನ್ನೂ ಕಾಲ ಬೇಕು. ಇವತ್ತು ಮನೆಗೆ ಹೋಗಿ." ಅಮ್ಮ ಅಲ್ಲೇ ಪ್ರಾರ್ಥನೆ ಶುರು ಮಾಡಿದಳು. ಅಪ್ಪ ಡಾಕ್ಟರ ಕೈ ಹಿಡಿದುಕೊಂಡರು. ಸಿನಿವಾ ಕಾರು ತರಲು ಹೋದಳು.

ಅಪ್ಪ ಮುಂದಿನ ಸೀಟಿನಲ್ಲಿ, ಅಮ್ಮ ಹಿಂದೆ. ಕಾರು ಊರು ದಾಟಿ ಹೆದ್ದಾರಿ ಹತ್ತಿತು. ಕಣಿವೆಯ ಮೊದಲ ತಿರುವು ಬಂದಾಗ ಅಪ್ಪ ಗಂಟಲು ಸರಿಮಾಡಿಕೊಂಡರು. ಸಣ್ಣ ಧ್ವನಿಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ, ಸೂರ್ಯ ಏಳುವ ಕಡೆಯ ಮನೆಯ ಗೌರವ ಹೇಳಿದರು. ಸಿನಿವಾ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. ಎರಡು ಬಾವಿಗಳ ಮನೆ ಬಂತು, ಸರಿಯಾಗಿ ಬಂತು. ದಂಡೆಯ ಮನೆ ಬಂತು. ಆಮೇಲಿನ ತಿರುವು ಬಂದಾಗ ಅಪ್ಪನ ಮಾತು ನಿಂತುಬಿಟ್ಟಿತು.

ಅವಳಿಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಷ್ಟು ವರ್ಷದ ಅಭ್ಯಾಸ ಬಾಯಿಗೆ ಬೀಗ ಹಾಕಿತು. ತಿರುವು ಹಿಂದಕ್ಕೆ ಹೋಯಿತು. ಅಪ್ಪ ಮೊದಲಿನಿಂದ ಹೇಳಿಕೊಂಡು ಬಂದು ಮತ್ತೆ ಅಲ್ಲಿಯೇ ನಿಂತರು.

"ಯಾಕೆ ಸುಮ್ನಿದ್ದೀಯ?"

ಎಷ್ಟೋ ದಿನಗಳ ಮೇಲೆ ಅವಳಿಗೆಂದು ಆಡಿದ ಮೊದಲ ಮಾತು. ಅವಳಿಗೆ ರಸ್ತೆ ಮಸುಕಾಯಿತು.

"ನೀವು ಸಿಟ್ಟಾಗಿದ್ದೀರಿ ಅಂದ್ಕೊಂಡಿದ್ದೆ, ಅಪ್ಪ."

"ಸಿಟ್ಟಲ್ಲ, ಭಯ." ಅಪ್ಪ ತಮ್ಮ ಕಪ್ಪಾದ ಉಗುರುಗಳನ್ನು ನೋಡಿಕೊಂಡರು. "ಬ್ರಿಡಿ ಹತ್ರ, ಮಾಪು ಹತ್ರ, ಒಂದು ಶಬ್ದ ಸಿಗದಿದ್ರೆ ಇನ್ನೊಂದು ಹಾಕಿ ದಾಟಿಸ್ತಿದ್ದೆ. ಅವರು ಕೇಳಿದ್ರೂ ಕೇಳದ ಹಾಗೆ ಇರ್ತಾರೆ. ನಿನ್ನ ಹತ್ರ ಹಾಗೆ ಆಗಲ್ಲ. ಬಾಯಿ ತೆಗೆದ್ರೆ ಎಷ್ಟು ಹೋಗಿದೆ ಅಂತ ನಿನಗೆ ಗೊತ್ತಾಗಿಬಿಡುತ್ತೆ. ಪೂರ್ತಿ ಸರಿಮಾಡ್ಕೊಂಡು ಆಮೇಲೆ ಮಾತಾಡೋಣ ಅಂತ ಒಳಗೊಳಗೇ ಹೇಳ್ಕೊಳ್ತಿದ್ದೆ. ಇಲ್ಲಿಗೆ ಬಂದು ನಿಂತ್ಹೋಗುತ್ತೆ. ದಿನಾ ಇಲ್ಲೇ."

ಹಿಂದಿನ ಸೀಟಿನಲ್ಲಿ ಅಮ್ಮ ಮೂಗು ಒರೆಸಿಕೊಂಡಳು.

"ಬರೋ ಭಾನುವಾರ ಮಾಪು ಬರ್ತಾನೆ," ಅಂದರು ಅಪ್ಪ. "ಅವನು ಮಾತಾಡ್ತಾನೆ, ನಾನು ಉತ್ತರ ಕೊಡ್ಬೇಕು. ನೀನು ಚಹಾ ಹಿಡ್ಕೊಂಡು ಬಾಗಿಲಲ್ಲಿ ನಿಲ್ಲಬೇಡ. ನನ್ನ ಪಕ್ಕ ಕೂತ್ಕೋ. ತಪ್ಪಿದ್ರೆ ನಿಲ್ಸು. ಈಗ ಹೇಳು, ದಂಡೆ ಮನೆ ಆದ ಮೇಲೆ ಯಾರು?"

ಹಿರಿಯರ ಮುಂದೆ ಆ ಹೆಸರುಗಳನ್ನು ಸಿನಿವಾ ಒಂದು ಸಲವೂ ಬಾಯಿಬಿಟ್ಟು ಹೇಳಿದವಳಲ್ಲ.

"ಹೇಳೇ," ಅಂದಳು ಅಮ್ಮ ಹಿಂದಿನಿಂದ.

"ಹಲಸಿನ ಮರದಡಿಯ ಮನೆ, ಅಪ್ಪ," ಅಂದಳು ಸಿನಿವಾ. "ಅದಾದ ಮೇಲೆ ದೋಣಿ ಕಟ್ಟೋರ ಮನೆ."

"ಹಲಸಿನ ಮರದಡಿಯ ಮನೆ," ಅಂದರು ಅಪ್ಪ ಅವಳ ಹಿಂದೆ, ಪಾಠ ಒಪ್ಪಿಸುವ ಹಾಗೆ. "ಅದಾದ ಮೇಲೆ ದೋಣಿ ಕಟ್ಟೋರ ಮನೆ. ಇನ್ನೊಂದ್ಸಲ ಹೇಳು."

ಅವಳು ಕಾರನ್ನು ನಿಧಾನದ ಸಾಲಿಗೆ ಹಾಕಿ ಇನ್ನೊಂದು ಸಲ ಹೇಳಿದಳು.